ಘಟ್ಟದ ಮೇಲೊಂದು ಅಂಗಡಿ, ಕೆಳಗೊಂದು ಅಂಗಡಿ: ತೆರಿಗೆ ಯಾರಿಗೆ?



ಬೆಳಗಾವಿ, ಖಾನಾಪುರ, ಹುಬ್ಬಳ್ಳಿ ಕಡೆಯಿಂದ ಗೋವೆಗೆ ಬಂದು ವ್ಯಾಪಾರ ಮಾಡುವ ನಮ್ಮ ಸಮಾಜದವರು ನಾಲ್ಕು ಜನ ಸೇರಿದಲ್ಲಿ, ಅದು ಪಂಚಕಲ್ಯಾಣವಿರಲಿ, ಮದುವೆಯ ಪಂಕ್ತಿಯಿರಲಿ, ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಮನೆ ಘಟ್ಟದ ಮೇಲೆ, ಅಂಗಡಿ ಘಟ್ಟದ ಕೆಳಗೆ. ಮಾಲು ಅಲ್ಲಿಯದು, ಗಿರಾಕಿ ಇಲ್ಲಿಯವನು. ಹಾಗಾದರೆ ತೆರಿಗೆ ಯಾವ ಸರ್ಕಾರಕ್ಕೆ? ನಾನು ಮೆಟ್ರಿಕ್‌ವರೆಗೆ ಓದಿದವನು, ವಕೀಲನಲ್ಲ, ಲೆಕ್ಕಪರಿಶೋಧಕನೂ ಅಲ್ಲ. ಮಡಗಾಂವದಲ್ಲಿ ಪಾತ್ರೆ ಅಂಗಡಿ ಇಟ್ಟು ಮೂವತ್ತೈದು ವರ್ಷ ದಾಟಿತು. ತೆರಿಗೆ ಕಟ್ಟುತ್ತ ಕಟ್ಟುತ್ತ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ವ್ಯವಹಾರವಿದ್ದವರು ತಮ್ಮ ಸಿ.ಎ.ಯವರನ್ನು ಕೇಳಿಯೇ ಮುಂದುವರಿಯಬೇಕು.

ಈ ಗಡಿ ಹೊಸದಲ್ಲ. 1961ರ ಡಿಸೆಂಬರ್ 19ರವರೆಗೆ ಗೋವೆ ಪರದೇಶವೇ ಆಗಿತ್ತು. ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ನಮ್ಮ ಸರ್ಕಾರದ ಕಸ್ಟಮ್ಸ್, ದೂಧಸಾಗರ ದಾಟಿ ಇಳಿದರೆ ಕುಳೆ ಸ್ಟೇಶನ್ನಿನಲ್ಲಿ ಪೋರ್ಚುಗೀಸರ ಕಸ್ಟಮ್ಸ್. ಒಂದೇ ರೈಲಿನಲ್ಲಿ ಎರಡು ಸಲ ಟ್ರಂಕು ಬಿಚ್ಚಿ ತೋರಿಸಬೇಕಾಗುತ್ತಿತ್ತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. 1955ರಲ್ಲಿ ಭಾರತ ಆರ್ಥಿಕ ನಿರ್ಬಂಧ ಹಾಕಿದಾಗ ಆ ಹಾದಿಯ ರೈಲೂ ನಿಂತಿತು. ಆ ಕಾಲದಲ್ಲಿ ಗೋವೆಯಿಂದ ಚಿನ್ನ, ಕೈಗಡಿಯಾರಗಳು ಕದ್ದು ಘಟ್ಟ ಹತ್ತುತ್ತಿದ್ದವು. ಅದರಲ್ಲಿ ಹಣ ಮಾಡಿದವರೂ ಉಂಟು, ಮನೆ ಕಳೆದುಕೊಂಡವರೂ ಉಂಟು.

ಇಲ್ಲಿ ಒಂದು ಮಾತು ಹೇಳಲೇಬೇಕು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ಸುಳ್ಳು ತೂಕ, ಸುಳ್ಳು ಅಳತೆ, ಕಲಬೆರಕೆ ಇವೆಲ್ಲ ಅದರಲ್ಲಿ ಬರುತ್ತವೆಂದು ಎಲ್ಲರಿಗೂ ಗೊತ್ತು. ಆದರೆ ಅದೇ ಸಾಲಿನಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೂ ಇದೆ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ, ಎದುರು ರಾಜ್ಯದಲ್ಲಿ ಅಗ್ಗಕ್ಕೆ ಸಿಗುವ ಬೆಲೆಬಾಳುವ ವಸ್ತುಗಳಿಗಾಗಿ ಮಾಡುವ ಯತ್ನವನ್ನೇ ಉದಾಹರಣೆಯಾಗಿ ಹೇಳುತ್ತಾರೆ. ಒಂದೂವರೆ ಸಾವಿರ ವರ್ಷದ ಹಿಂದಿನ ಮಾತಿದು. ಗಡಿಯಲ್ಲಿ ಕೂತ ವ್ಯಾಪಾರಿಯ ಆಸೆ ಎಲ್ಲಿಗೆ ಓಡುತ್ತದೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು. (ಗೋವೆಯಿಂದ ಇಂದಿಗೂ ಕದ್ದು ಸಾಗುವ ಮುಖ್ಯ ಮಾಲು ಮದ್ಯ. ಆ ವ್ಯಾಪಾರ ನಮಗೆ ಮೊದಲೇ ವರ್ಜ್ಯವಾದ್ದರಿಂದ ಅದರ ಮಾತು ಬೇಡ.)

ಈಗ ನಮ್ಮ ಕಾಲಕ್ಕೆ ಬರೋಣ. ನಾನು ಮತ್ತು ನನ್ನ ತಮ್ಮ ಪಾಲುದಾರಿಯಲ್ಲಿ ಎರಡು ಅಂಗಡಿ ನಡೆಸುತ್ತಿದ್ದೆವು. ಬೆಳಗಾವಿಯದನ್ನು ಅವನು ನೋಡುತ್ತಿದ್ದ, ಮಡಗಾಂವದ್ದನ್ನು ನಾನು. ಸಂಸ್ಥೆ ಒಂದೇ, ಪ್ಯಾನ್ ಒಂದೇ. ಹಿಂದೆ ಕೇಂದ್ರ ಮಾರಾಟ ತೆರಿಗೆಯ ಕಾಲದಲ್ಲಿ ಒಂದು ರಾಜ್ಯದ ನಮ್ಮ ಅಂಗಡಿಯಿಂದ ಇನ್ನೊಂದು ರಾಜ್ಯದ ನಮ್ಮ ಅಂಗಡಿಗೆ ಮಾಲು ಕಳಿಸಿದರೆ ಅದು ಮಾರಾಟವಲ್ಲ. ಎಫ್ ಫಾರ್ಮ್ ತರಿಸಿ ಕೊಟ್ಟರೆ ತೆರಿಗೆ ಬೀಳುತ್ತಿರಲಿಲ್ಲ. ಬೇರೆ ವ್ಯಾಪಾರಿಯಿಂದ ಕೊಂಡರೆ ಸಿ ಫಾರ್ಮ್. ಆ ಫಾರ್ಮುಗಳಿಗಾಗಿ ಕಚೇರಿಯ ಮೆಟ್ಟಿಲು ಹತ್ತಿ ಇಳಿದದ್ದು ನನ್ನ ವಯಸ್ಸಿನ ಎಲ್ಲ ವ್ಯಾಪಾರಿಗಳಿಗೂ ನೆನಪಿದೆ.

2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಸೇಲ್ಸ್ ಟ್ಯಾಕ್ಸ್ ನಾಕೆಗಳು ಹೋದವು, ಪಾತ್ರೆ ವ್ಯಾಪಾರಕ್ಕೆ ಸಿ ಫಾರ್ಮ್, ಎಫ್ ಫಾರ್ಮ್‌ಗಳೂ ಹೋದವು. ಆದರೆ ಹೊಸದೊಂದು ವಿಚಾರ ಬಂತು. ಒಂದೇ ಪ್ಯಾನ್ ಇದ್ದರೂ ಎರಡು ರಾಜ್ಯಗಳಲ್ಲಿ ಎರಡು ನೋಂದಣಿ ಮಾಡಿಸಬೇಕು. ಆ ಎರಡು ನೋಂದಣಿಗಳನ್ನು ಕಾಯ್ದೆಯ 25ನೇ ಕಲಮು ಎರಡು ಬೇರೆ ಬೇರೆ ವ್ಯಕ್ತಿಗಳೆಂದೇ ಹಿಡಿಯುತ್ತದೆ. ಅಂದರೆ ನನ್ನ ಬೆಳಗಾವಿ ಅಂಗಡಿಯಿಂದ ನನ್ನದೇ ಮಡಗಾಂವ ಅಂಗಡಿಗೆ ಒಂದು ಹಂಡೆ ಕಳಿಸಿದರೂ ಅದಕ್ಕೆ ಬಿಲ್ಲು ಬೇಕು, ತೆರಿಗೆ ಬೇಕು. ಹಣ ಕೈ ಬದಲಾಗದಿದ್ದರೂ ಅಷ್ಟೇ.

ನನ್ನ ತಮ್ಮನಿಗೆ ಇದು ಒಗ್ಗಲೇ ಇಲ್ಲ. "ಅಣ್ಣಾ, ಈ ಕಿಸೆದಾಗಿಂದ ಆ ಕಿಸೆಕ್ಕ ರೊಕ್ಕ ಹಾಕಿದ್ರ ಅದಕ್ಕೂ ಬಿಲ್ ಬರಿಬೇಕೇನ?" ಎಂದು ಕೇಳುತ್ತಿದ್ದ. ಕೇಳುವುದರಲ್ಲಿ ನ್ಯಾಯವಿತ್ತು. ಆದರೆ ಲೆಕ್ಕ ಹಾಕಿ ನೋಡಿದರೆ ಇದರಲ್ಲಿ ನಷ್ಟವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸ್ಟೀಲು, ಹಿತ್ತಾಳೆ, ತಾಮ್ರದ ಅಡಿಗೆ ಪಾತ್ರೆಗಳ ದರ 12ರಿಂದ 5 ಪ್ರತಿಶತಕ್ಕೆ ಇಳಿದಿದೆ. ಅದೇ ದರ ಹಿಡಿಯೋಣ. ಬೆಳಗಾವಿಯಿಂದ 2,00,000 ರೂಪಾಯಿಯ ಮಾಲು ಇಳಿಸಿದರೆ 10,000 ರೂಪಾಯಿ ಐ.ಜಿ.ಎಸ್.ಟಿ. ಅಲ್ಲಿಯ ನೋಂದಣಿಯಲ್ಲಿ ಕಟ್ಟಬೇಕು. ಅದೇ ಮಾಲನ್ನು ಮಡಗಾಂವದಲ್ಲಿ 2,60,000ಕ್ಕೆ ಮಾರಿದರೆ ಕೇಂದ್ರಕ್ಕೆ 6,500, ಗೋವೆಗೆ 6,500, ಒಟ್ಟು 13,000 ತೆರಿಗೆ. ಮೊದಲು ಕಟ್ಟಿದ 10,000 ಇಲ್ಲಿ ಜಮಾ ಸಿಗುತ್ತದೆ, ಕೈಯಿಂದ ಕಟ್ಟುವುದು 3,000 ಮಾತ್ರ. ಸರಕು ಎಲ್ಲಿ ಬಳಕೆಯಾಗುತ್ತದೋ ಆ ರಾಜ್ಯಕ್ಕೆ ಅದರ ಪಾಲು ಸೇರಬೇಕು ಎಂಬುದೇ ಈ ಏರ್ಪಾಟಿನ ಮೂಲ. ಆದ್ದರಿಂದ ಪಂಕ್ತಿಯಲ್ಲಿ ಕೇಳುವ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿತು: ಸರಕಿನ ತೆರಿಗೆ ನಿಮ್ಮ ಮನೆಯ ವಿಳಾಸ ನೋಡುವುದಿಲ್ಲ, ಸರಕಿನ ಹಾದಿ ನೋಡುತ್ತದೆ. ಕಾಂಪೋಸಿಷನ್‌ನಲ್ಲಿರುವ ಸಣ್ಣ ವ್ಯಾಪಾರಿಗಳು ಇನ್ನೊಂದು ವಿಷಯ ತಿಳಿದಿರಬೇಕು. ರಾಜ್ಯದ ಹೊರಗೆ ಸರಕು ಕಳಿಸುವವರಿಗೆ ಆ ಸವಲತ್ತು ಇಲ್ಲ.

ಕರ್ನಾಟಕದ ನೋಂದಣಿಗೆ ವರ್ಷಕ್ಕೆ 2,500 ರೂಪಾಯಿ ವೃತ್ತಿ ತೆರಿಗೆಯೂ ಬೀಳುತ್ತದೆ. ಗೋವೆಯಲ್ಲಿ ವೃತ್ತಿ ತೆರಿಗೆ ಇಲ್ಲ. ಇಷ್ಟು ಸಾಕು.

ತಮ್ಮ ಗೊಣಗುತ್ತಲೇ ಬಿಲ್ಲು ಬರೆದ. ನಾಲ್ಕು ವರ್ಷ ಒಂದೂ ತಪ್ಪಿಸಲಿಲ್ಲ. 2021ರ ಮೇ ತಿಂಗಳಲ್ಲಿ ಕೋವಿಡ್‌ನ ಎರಡನೆಯ ಅಲೆಯಲ್ಲಿ ಅವನು ತೀರಿಕೊಂಡ. ಇಬ್ಬರೇ ಪಾಲುದಾರರಿದ್ದ ಸಂಸ್ಥೆಯಲ್ಲಿ ಒಬ್ಬ ಹೋದರೆ ಪಾಲುದಾರಿ ಅಲ್ಲಿಗೇ ಮುಗಿಯುತ್ತದೆ, ಲೆಕ್ಕ ತೀರಿಸಲೇಬೇಕು. ಸೂತಕ ಕಳೆದ ಮೇಲೆ ತಮ್ಮನ ಹೆಂಡತಿಯ ಅಣ್ಣಂದಿರು ಬಂದು ಕೂತರು. ಕೂತವರ ಮುಖದಲ್ಲಿ ಸಂಶಯವಿತ್ತು, ಇರುವುದು ಸಹಜ. ಮೂವತ್ತು ವರ್ಷ ಎರಡು ಊರಲ್ಲಿ ಒಂದೇ ಗಲ್ಲಾ ಎಂದು ನಡೆದ ವ್ಯಾಪಾರ. ಯಾವ ಮಾಲು ಎಲ್ಲಿಯದು, ಯಾರ ದುಡಿಮೆ ಎಷ್ಟು ಎಂದು ಯಾರು ಹೇಳಬೇಕು? ಆದರೆ ಮಾಲು ಇಳಿಸಿದ ಪ್ರತಿ ಸಲದ ಬಿಲ್ಲು ಇತ್ತು, ಎರಡೂ ನೋಂದಣಿಗಳ ರಿಟರ್ನು ಇತ್ತು. ತಮ್ಮ ತೀರಿದ ದಿನ ಬೆಳಗಾವಿಯಲ್ಲಿ ಎಷ್ಟು ಮಾಲು, ಮಡಗಾಂವದಲ್ಲಿ ಎಷ್ಟು ಎಂಬುದು ಮಧ್ಯಾಹ್ನದೊಳಗೆ ಕಾಗದದ ಮೇಲೆ ಬಂತು. ಅವಳ ಹಿರಿಯಣ್ಣ ಎರಡು ಸಲ ಕೂಡಿಸಿ ನೋಡಿ ಪೆನ್ನು ಮುಚ್ಚಿದರು. ಅವಳು ಒಳಗಿನಿಂದ ಬಂದು, "ಭಾವನವರ, ಅವರು ಬರೀತಿದ್ದ ಬಿಲ್‌ಬುಕ್ಕು ನನ್ನ ಕಡೆ ಇರಲಿ" ಎಂದಳು. ಈಗ ಬೆಳಗಾವಿ ಅಂಗಡಿ ಅವಳ ಹೆಸರಿನಲ್ಲಿ, ಬೇರೆ ನೋಂದಣಿಯಲ್ಲಿ ನಡೆಯುತ್ತಿದೆ. ಅವಳಿಂದ ನಾನು ಮಾಲು ಕೊಳ್ಳುತ್ತೇನೆ, ಬಿಲ್ಲಿನ ಮೇಲೆ.

ಇನ್ನು ಹಾದಿಯ ಮಾತು. 50,000 ರೂಪಾಯಿಗಿಂತ ಹೆಚ್ಚು ಬೆಲೆಯ ಮಾಲು ರಾಜ್ಯ ದಾಟಬೇಕಾದರೆ 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಕಡ್ಡಾಯ. 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಬೆಳಗಾವಿಯಿಂದ ಮಡಗಾಂವ ಆ ಮಿತಿಯೊಳಗೇ ಬರುವುದರಿಂದ ನಮಗೆ ಸಿಗುವುದು ಒಂದೇ ದಿನ. ಬಿಲ್ ತೆಗೆದ ಮರುದಿನ ನಡುರಾತ್ರಿಗೆ ಅದು ಮುಗಿಯುತ್ತದೆ. ಬೇಸಿಗೆಯಲ್ಲಿ ಇದು ಧಾರಾಳ. ಮಳೆಗಾಲದಲ್ಲಿ ಚೋರ್ಲಾ ಘಾಟಿನಲ್ಲೋ ಅನಮೋಡ ಘಾಟಿನಲ್ಲೋ ದರೆ ಕುಸಿಯುತ್ತದೆ, ಭಾರಿ ವಾಹನ ಬಿಡುವುದಿಲ್ಲ, ಸುತ್ತಿ ಬರಬೇಕು.

ಖಾನಾಪುರದ ನಮ್ಮ ನೆಂಟರೊಬ್ಬರ ಮಾಲು 2023ರ ಮಳೆಗಾಲದಲ್ಲಿ ಹೀಗೆಯೇ ಸಿಕ್ಕಿಬಿತ್ತು. ಸೋಮವಾರ ಬಿಲ್ ತೆಗೆದಿದ್ದರು. ಗಾಡಿ ಘಟ್ಟದಲ್ಲಿ ಕೆಟ್ಟು ನಿಂತಿತು, ರಿಪೇರಿಯಾಗಿ ಕೆಳಗಿಳಿಯುವಾಗ ಬುಧವಾರ ಮಧ್ಯಾಹ್ನ. ತನಿಖೆಯವರು ತಡೆದರು. ಮಾಲು 2,50,000ದ್ದು, ಆಗಿನ 12 ಪ್ರತಿಶತದ ಪ್ರಕಾರ ತೆರಿಗೆ 30,000. ಮಾಲಿನ ಧಣಿ ತಾನೇ ಮುಂದೆ ಬಂದರೂ ದಂಡ ತೆರಿಗೆಯ ಎರಡರಷ್ಟು ಎಂದು 2022ರ ಜನವರಿ 1ರಿಂದ ಕಾನೂನು ಮಾರ್ಪಾಡಾಗಿದೆ. 60,000 ಕಟ್ಟಿ ಮಾಲು ಬಿಡಿಸಿಕೊಂಡರು. ತೆರಿಗೆಯಾದರೆ ಜಮಾ ಸಿಗುತ್ತದೆ, ದಂಡಕ್ಕೆ ಜಮಾ ಇಲ್ಲ. ಅವರ ಆ ವರ್ಷದ ದೀಪಾವಳಿ ಲಾಭವೆಲ್ಲ ಅದಕ್ಕೇ ಹೋಯಿತು. ಕಳ್ಳತನ ಏನೂ ಇರಲಿಲ್ಲ, ತೆರಿಗೆ ಪೂರಾ ತುಂಬಿದ ಬಿಲ್ಲು ಡ್ರೈವರನ ಕೈಯಲ್ಲೇ ಇತ್ತು. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ದಂಡ ಅತಿಯಾಯಿತೆಂದೇ ನನ್ನ ಅಭಿಪ್ರಾಯ. ಆದರೂ ಉಪಾಯವಿತ್ತು: ಅವಧಿ ಮುಗಿಯುವ ಎಂಟು ಗಂಟೆ ಮೊದಲಿನಿಂದ ಮುಗಿದ ಎಂಟು ಗಂಟೆಯವರೆಗೆ, ಕಾರಣ ಬರೆದು ಬಿಲ್ಲನ್ನು ಮುಂದುವರಿಸಬಹುದು. ಇದನ್ನು ಫೋನಿನಲ್ಲೇ ಮಾಡಬಹುದು. ಗಾಡಿ ನಿಂತ ಕೂಡಲೇ ಅಂಗಡಿಗೆ ಫೋನ್ ಮಾಡಬೇಕೆಂದು ಡ್ರೈವರನಿಗೆ ಹೇಳಿಡಿ.

ಜಾತ್ರೆಗಳಿಗೆ ಬರುವವರದು ಬೇರೆ ಕಥೆ. ಡಿಸೆಂಬರ್ 3ರ ಹಳೆ ಗೋವೆಯ ಝೇವಿಯರ್ ಫೆಸ್ತಿಗೆ, ಮಳೆಗಾಲಕ್ಕೆ ಮುಂಚೆ ಮಡಗಾಂವದಲ್ಲಿ ಆಗುವ ಪುರುಮೆಂತಾಚೆ ಫೆಸ್ತಿಗೆ ಘಟ್ಟದ ಮೇಲಿಂದ ಪಾತ್ರೆ, ಬಳೆ, ಬಟ್ಟೆಯವರು ಬಂದು ಮಳಿಗೆ ಹಾಕುತ್ತಾರೆ. ಎಂಟು ದಿನದ ವ್ಯಾಪಾರ, ಯಾರು ಕೇಳುತ್ತಾರೆ ಎಂಬ ಭಾವನೆ ಹಲವರದು. ಕಾಯ್ದೆ ಹಾಗೆ ಹೇಳುವುದಿಲ್ಲ. ತನ್ನ ಕಾಯಂ ಅಂಗಡಿಯಿಲ್ಲದ ರಾಜ್ಯದಲ್ಲಿ ಅಪರೂಪಕ್ಕೆ ಬಂದು ಮಾರುವವನಿಗೆ ತಾತ್ಕಾಲಿಕ ನೋಂದಣಿ ಇದೆ. ವ್ಯಾಪಾರ ಎಷ್ಟೇ ಸಣ್ಣದಿದ್ದರೂ ಬೇಕು. ಮಾರಾಟ ಶುರುವಾಗುವ ಐದು ದಿನ ಮೊದಲೇ ಅರ್ಜಿ ಹಾಕಬೇಕು, ಆಗಬಹುದಾದ ತೆರಿಗೆಯನ್ನು ಅಂದಾಜು ಮಾಡಿ ಮುಂಗಡ ತುಂಬಬೇಕು. 90 ದಿನ ನಡೆಯುತ್ತದೆ, ಕೇಳಿಕೊಂಡರೆ ಇನ್ನೂ 90 ದಿನ ಸಿಗುತ್ತದೆ. ಆದರೆ ಮಾಪುಸಾದ ಶುಕ್ರವಾರದ ಸಂತೆಗೆ ವರ್ಷವಿಡೀ ಬರುವವನು ಅಪರೂಪಕ್ಕೆ ಬರುವವನಲ್ಲ, ಅವನು ಗೋವೆಯಲ್ಲಿ ಕಾಯಂ ನೋಂದಣಿ ಮಾಡಿಸುವುದೇ ಸರಿ. ಗಾಜಿನ ಬಳೆ ಮಾರುವ ನಮ್ಮ ಬೋಗಾರ ಬಂಧುಗಳಿಗೆ ಮಾತ್ರ ಇದಾವುದರ ಕಾಟವಿಲ್ಲ. ಬಳೆಗೆ ತೆರಿಗೆಯೇ ಇಲ್ಲ, ತೆರಿಗೆಯಿಲ್ಲದ ಸರಕನ್ನಷ್ಟೇ ಮಾರುವವನಿಗೆ ನೋಂದಣಿಯೂ ಬೇಕಿಲ್ಲ. ಬಳೆಯ ಜೊತೆಗೆ ನಾಲ್ಕು ಸ್ಟೀಲು ಡಬ್ಬಿ ಇಟ್ಟರೆ ಆ ಮಾತು ಬದಲಾಗುತ್ತದೆ.

ಆದಾಯ ತೆರಿಗೆಗೆ ಬಂದರೆ ಘಟ್ಟವೇ ಇಲ್ಲ. ಬೆಳಗಾವಿಯಲ್ಲಿ ಗಳಿಸಿದರೂ ಮಡಗಾಂವದಲ್ಲಿ ಗಳಿಸಿದರೂ ಒಂದೇ ಪ್ಯಾನ್, ಒಂದೇ ರಿಟರ್ನ್. ಇದು ಎಷ್ಟು ಅನುಕೂಲ ಎಂಬುದು ದೇಶದ ಗಡಿಯಲ್ಲಿ ಇರುವವರನ್ನು ನೋಡಿದರೆ ತಿಳಿಯುತ್ತದೆ. ಕೆನಡಾದ ವಿಂಡ್ಸರ್ ಪಟ್ಟಣಕ್ಕೂ ಅಮೆರಿಕದ ಡಿಟ್ರಾಯಿಟಿಗೂ ನಡುವೆ ಒಂದು ಹೊಳೆ ಮಾತ್ರ. ಈ ದಡದಲ್ಲಿ ಮನೆ ಇಟ್ಟು ಆ ದಡದಲ್ಲಿ ಸ್ವಂತ ಉದ್ಯೋಗ ಮಾಡುವ ಕೆನಡಾದವನು ಅಮೆರಿಕದ ಗಳಿಕೆಯನ್ನು ಅಲ್ಲಿ ತೋರಿಸಬೇಕಾಗುತ್ತದೆ, ತನ್ನ ದೇಶದಲ್ಲಿ ಜಗತ್ತಿನ ಗಳಿಕೆಯನ್ನೆಲ್ಲ ಮತ್ತೆ ತೋರಿಸಬೇಕು; ಅಲ್ಲಿ ಕಟ್ಟಿದ್ದನ್ನು ಇಲ್ಲಿ ವಜಾ ಮಾಡಿಕೊಡುವ ಒಪ್ಪಂದ 1980ರಲ್ಲಿ ಆಗಿದೆ. ಪಿಂಚಣಿ ವಂತಿಗೆ ಎರಡು ಕಡೆ ಬೀಳದಂತೆ ಇನ್ನೊಂದು ಒಪ್ಪಂದ 1984ರಲ್ಲಿ ಜಾರಿಗೆ ಬಂತು. ಸ್ವಂತ ಉದ್ಯೋಗದವನು ತಾನು ವಾಸಿಸುವ ದೇಶದಲ್ಲಿ ಮಾತ್ರ ವಂತಿಗೆ ಕಟ್ಟಿದರೆ ಸಾಕು. ನಮಗೆ ಅಷ್ಟೆಲ್ಲ ತಾಪತ್ರಯವಿಲ್ಲ.

ಆದರೆ ಗೋವೆಯಲ್ಲಿ ಆದಾಯ ತೆರಿಗೆಗೆ ಬೇರೊಂದು ಗಡಿ ಇದೆ, ಅದು ಮನೆಯೊಳಗೇ ಇದೆ. ಪೋರ್ಚುಗೀಸ್ ಸಿವಿಲ್ ಕಾನೂನು ಇಲ್ಲಿ ಇಂದಿಗೂ ನಡೆಯುತ್ತದೆ. ಆ ಕಾನೂನಿಗೆ ಒಳಪಟ್ಟ ಗಂಡ ಹೆಂಡಿರು ಬೇರೆ ಕರಾರು ಮಾಡಿಕೊಳ್ಳದಿದ್ದರೆ ಆಸ್ತಿ ಇಬ್ಬರಿಗೂ ಸಮಪಾಲು. ಅದಕ್ಕೆ ತಕ್ಕಂತೆ 1961ರ ಆದಾಯ ತೆರಿಗೆ ಕಾಯ್ದೆಗೆ 1994ರಲ್ಲಿ 5ಎ ಎಂಬ ಕಲಮು ಸೇರಿಸಿ, 1963ರ ಏಪ್ರಿಲ್ 1ರಿಂದಲೇ ಅನ್ವಯ ಎಂದರು. ಸಂಬಳ ಬಿಟ್ಟು ಉಳಿದ ಆದಾಯ, ಅಂಗಡಿಯದಿರಲಿ, ಬಾಡಿಗೆಯಿರಲಿ, ಬಡ್ಡಿಯಿರಲಿ, ಅರ್ಧ ಗಂಡನ ರಿಟರ್ನಿನಲ್ಲಿ, ಅರ್ಧ ಹೆಂಡತಿಯ ರಿಟರ್ನಿನಲ್ಲಿ. 2026ರ ಏಪ್ರಿಲ್ 1ರಿಂದ ಜಾರಿಯ 2025ರ ಹೊಸ ಕಾಯ್ದೆಯೂ ಇದನ್ನು ಉಳಿಸಿಕೊಂಡಿದೆ.

ಇದರ ಪರಿಣಾಮ ಸಣ್ಣದಲ್ಲ. ಸ್ವಂತ ಅಂಗಡಿಯಿಂದ ವರ್ಷಕ್ಕೆ 24 ಲಕ್ಷ ಆದಾಯವಿದೆ ಎಂದುಕೊಳ್ಳಿ. 2025-26ರ ಹೊಸ ಪದ್ಧತಿಯ ದರದಂತೆ ಒಬ್ಬನೇ ತೋರಿಸಿದರೆ ಸೆಸ್ ಸೇರಿ 3,12,000 ತೆರಿಗೆ. ಅದೇ 12 ಲಕ್ಷ, 12 ಲಕ್ಷ ಎಂದು ಇಬ್ಬರಲ್ಲಿ ಹಂಚಿದರೆ, ಬೇರೆ ಆದಾಯವಿಲ್ಲದಿದ್ದಲ್ಲಿ, ಇಬ್ಬರಿಗೂ ರಿಯಾಯಿತಿ ಸಿಕ್ಕು ತೆರಿಗೆ ಸೊನ್ನೆ. ಇದನ್ನು ಕೇಳಿದ ನಮ್ಮವರಿಗೆ ಕಿವಿ ನೆಟ್ಟಗಾಗುತ್ತದೆ. "ನಾವೂ ಗೋವಾದಾಗ ಇದ್ದೇವಲ್ಲ, ನಮಗೂ ಹಂಗ ಮಾಡಿ" ಎಂದು ಸಿ.ಎ. ಹತ್ತಿರ ಹೋಗುತ್ತಾರೆ. ಹೊರಗಿನಿಂದ ಬಂದು ಅಂಗಡಿ ಹಾಕಿದ ಮಾತ್ರಕ್ಕೆ ಆ ಕಾನೂನು ನಮಗೆ ಅಂಟುವುದಿಲ್ಲ. ಮೂಲ ನೆಲೆ ಯಾವುದು, ಮದುವೆ ಎಲ್ಲಿ ಹೇಗೆ ನೋಂದಾಯಿತು ಎಂಬುದನ್ನು ವಕೀಲರು ನೋಡಿ ಹೇಳಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಹಿಂದೂ ಕಾನೂನೇ, 1956ರ ಉತ್ತರಾಧಿಕಾರ ಕಾಯ್ದೆ ಜೈನರಿಗೂ ಅನ್ವಯ. ಅವಿಭಕ್ತ ಕುಟುಂಬದ ರಿಟರ್ನ್ ಬೇಕಾದರೆ ಬೇರೆ ತುಂಬಬಹುದು.

ಗೋವೆಯ ಮನೆತನಗಳಲ್ಲಿ ಸಂಬಂಧ ಬೆಳೆಸಿದ ನಮ್ಮ ಮಕ್ಕಳಿಗೆ ಮಾತ್ರ ಇದು ಬರಬಹುದು. ಬಂದಾಗ ಇನ್ನೊಂದು ಬದಿಯನ್ನೂ ನೋಡಬೇಕು. ಆ ಅರ್ಧ ತೆರಿಗೆ ಉಳಿಸುವ ಕಾಗದದ ಅರ್ಧವಲ್ಲ, ಹೆಂಡತಿಯ ಸ್ವಂತ ಅರ್ಧ. ಅವಳ ರುಜುವಿಲ್ಲದೆ ಮನೆ ಮಾರುವಂತಿಲ್ಲ. ಮಕ್ಕಳಿದ್ದವರು ಎಲ್ಲ ಆಸ್ತಿಯನ್ನು ತಮಗೆ ಬೇಕಾದವರಿಗೆ ಮೃತ್ಯುಪತ್ರ ಬರೆಯುವಂತೆಯೂ ಇಲ್ಲ. ಗೋವೆಯವನ ಆಸ್ತಿ ಭಾರತದಲ್ಲಿ ಬೇರೆಲ್ಲಿದ್ದರೂ ಉತ್ತರಾಧಿಕಾರಕ್ಕೆ ಅದೇ ಕಾನೂನು ಎಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರಿನಲ್ಲಿ ತೀರ್ಪು ಕೊಟ್ಟಿದೆ. ಆ ಮೊಕದ್ದಮೆಯ ಆಸ್ತಿ ಮುಂಬಯಿಯದಾಗಿತ್ತು. ನನ್ನ ಬೀದಿಯ ಗೋವೆಯ ವ್ಯಾಪಾರಿಯೊಬ್ಬರ ಹೆಂಡತಿ ಪ್ರತಿ ವರ್ಷ ಜುಲೈ ಬಂತೆಂದರೆ ಅಂಗಡಿಗೆ ಬಂದು ಲೆಕ್ಕದ ಪುಸ್ತಕ ಕೇಳಿ ಕೂತು ನೋಡುತ್ತಾರೆ. ತನ್ನ ಹೆಸರಿನಲ್ಲಿ ರಿಟರ್ನು ಹೋಗುವಾಗ ಓದದೆ ಸಹಿ ಹಾಕಲಾರೆ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ರಿಟರ್ನಿಗೆ ಸಹಿ ಹಾಕಿಸುವ ರೀತಿ ಹೇಗಿದೆ ಎಂಬುದು ವಾಚಕರಿಗೆ ಗೊತ್ತಿದೆ, ನಾನು ಹೇಳಬೇಕಾಗಿಲ್ಲ.

ಕಡೆಯದಾಗಿ ಹುಡುಗರ ವಿಚಾರ. ಅಂಗಡಿಯಲ್ಲಿ ಕೂರಲು ಮನಸ್ಸಿಲ್ಲದ ನಮ್ಮ ಹುಡುಗರು ಈಗ ಫೋಂಡಾದಲ್ಲಿ, ಪರ್ವರಿಯಲ್ಲಿ ಮನೆಯಲ್ಲೇ ಕೂತು ಅಮೆರಿಕದ ಕಂಪನಿಗಳಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡುತ್ತಾರೆ. ಡಾಲರಿನಲ್ಲಿ ಬಂದ ಹಣಕ್ಕೆ ಇಲ್ಲಿ ತೆರಿಗೆ ಇಲ್ಲವೆಂದು ತಂದೆತಾಯಿಗಳು ನಂಬಿರುವುದನ್ನು ಕಂಡಿದ್ದೇನೆ. ಇಲ್ಲಿ ವಾಸವಾಗಿರುವವನು ಜಗತ್ತಿನ ಎಲ್ಲಿಂದ ಗಳಿಸಿದರೂ ಇಲ್ಲಿ ಆದಾಯ ತೆರಿಗೆ ಉಂಟು. ಅಮೆರಿಕಕ್ಕೆ ಕೊಡಬೇಕಾಗಿಲ್ಲ, ಏಕೆಂದರೆ ಕೆಲಸ ನಡೆದದ್ದು ಗೋವೆಯಲ್ಲಿ. ಅಲ್ಲಿಯ ಕಂಪನಿ ಅದಕ್ಕಾಗಿ ಡಬ್ಲ್ಯು-8ಬೆನ್ ಎಂಬ ಫಾರ್ಮನ್ನು ತುಂಬಿಸಿಕೊಳ್ಳುತ್ತದೆ. ಜಿ.ಎಸ್.ಟಿ.ಯಲ್ಲಿ ಇದು ರಫ್ತು. ವರ್ಷದ ವಹಿವಾಟು 20 ಲಕ್ಷ ಮೀರಿದರೆ ನೋಂದಣಿ ಮಾಡಿಸಿ, ಪ್ರತಿ ಆರ್ಥಿಕ ವರ್ಷ ಎಲ್.ಯು.ಟಿ. ಎಂಬ ಮುಚ್ಚಳಿಕೆ ಕೊಟ್ಟರೆ ತೆರಿಗೆ ತುಂಬದೆ ಕೆಲಸ ಕಳಿಸಬಹುದು.

ಹುಡುಗ ತಾನೇ ಅಲ್ಲಿಗೆ ಹೋಗಿ ಕೆಲಸ ಮಾಡಿದರೆ ಲೆಕ್ಕ ಬೇರೆ. 1989ರ ಭಾರತ–ಅಮೆರಿಕ ಒಪ್ಪಂದದಂತೆ ವೈದ್ಯ, ವಕೀಲ, ಇಂಜಿನಿಯರ್, ಲೆಕ್ಕಪರಿಶೋಧಕ ಮುಂತಾದ ಸ್ವತಂತ್ರ ವೃತ್ತಿಯವನಿಗೆ ಅಲ್ಲಿ ಕಾಯಂ ಕಚೇರಿ ಇದ್ದರೆ, ಅಥವಾ ಅವನ ವಾಸ ವರ್ಷದಲ್ಲಿ 90 ದಿನ ಅಥವಾ ಅದಕ್ಕಿಂತ ಹೆಚ್ಚಾದರೆ, ಅಲ್ಲಿಯ ಗಳಿಕೆಗೆ ಅಲ್ಲಿಯೂ ತೆರಿಗೆ. ದಿನ ಎಣಿಸುವುದು ಪಾಸ್‌ಪೋರ್ಟು ನೋಡಿ. ಅದಕ್ಕಿಂತ ಮೊದಲು ವೀಸಾ ನೋಡಬೇಕು. ನಮ್ಮ ತಮ್ಮನ ಮಗ ಬರುವ ಸೆಪ್ಟೆಂಬರಿನಲ್ಲಿ ಇಪ್ಪತ್ತು ದಿನ ಚಿಕಾಗೋಗೆ ಹೊರಟಿದ್ದಾನೆ. ಅವನಿಗೆ ಸಿಕ್ಕಿರುವುದು ಸಭೆ, ಮಾತುಕತೆಗೆ ಹೋಗುವವರ ವೀಸಾ, ಅದರ ಮೇಲೆ ದುಡಿಯುವಂತಿಲ್ಲ. ಆದ್ದರಿಂದ ಆ ಇಪ್ಪತ್ತು ದಿನ ಯಾವ ಬಿಲ್ಲೂ ಹಾಕುವುದಿಲ್ಲವೆಂದು ಕಂಪನಿಗೆ ಈಗಲೇ ಬರೆದು ತಿಳಿಸಿದ್ದಾನೆ.